ತುತ್ತಿನೊಳಗಿನ ಕೂದಲು

ಹಳೇಬೀಡು
೧೩ ನವೆಂಬರ್ ೨೦೦೫

ಪೂಜ್ಯ ಮಾತಾಜಿಯವರಿಗೆ, ವಂದಾಮಿ.

‘ಯಾರೂ ನೋಡದೆ ಇದ್ರೆ ನೋವಾಗಲ್ಲ ಕಣಣ್ಣ’ ಎಂದಿದ್ದಿರೋ, ಇಲ್ಲ ‘ಎಲ್ಲರೂ ನೋಡ್ತಿದ್ರೆ ನೋವಾಗಲ್ಲ’ ಎಂದಿದ್ದಿರೋ, ಎಷ್ಟು ತಿಣುಕಿದರೂ ನೆನಪಿಗೆ ಬರುತ್ತಿಲ್ಲ. ದೀಕ್ಷೆಯ ಹಿಂದಿನ ದಿನ ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಕೂತು ಆಡಿದ ಮಾತು. ಅಷ್ಟು ಜನರೆದುರು ತಲೆಗೂದಲನ್ನೆಲ್ಲ ಕೀಳುವಾಗ ಅಳು ಬಂದರೆ ಏನು ಮಾಡ್ತೀಯೇ ಎಂದು ನಾನು ಕೇಳಿದ್ದೆ. ನೀವು ಕಾಲಿನಿಂದ ಸೋಪಿನ ನೀರು ಕದಡುತ್ತಾ ಇವೆರಡರಲ್ಲಿ ಒಂದನ್ನು ಹೇಳಿದಿರಿ. ಯಾವುದಾದರೂ ಒಂದೇ ಎಂದು ಆಗ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ.

ಹನ್ನೆರಡು ವರ್ಷ ಒಂದು ಕಾಗದವನ್ನೂ ಬರೆಯದವನು ಹೀಗೆ ನಡುವಿನಿಂದ ಶುರುಮಾಡಿದ್ದಕ್ಕೆ ಕ್ಷಮೆ ಇರಲಿ. ಸಂಸಾರ ಬಿಟ್ಟವರಿಗೆ ಸಂಸಾರದ ಸುದ್ದಿ ಮುಟ್ಟಿಸಬಾರದು ಎಂದು ಚಿಕ್ಕಮ್ಮ ಅವತ್ತೇ ಕಟ್ಟುಮಾಡಿದ್ದಳು. ನಿಮಗೆ ಇನ್ನು ಅಣ್ಣನಿಲ್ಲ, ಊರಿಲ್ಲ, ಪದ್ಮಲತಾ ಎಂಬ ಹೆಸರೂ ಇಲ್ಲ ಎಂದು ನಾನೂ ಒಪ್ಪಿಕೊಂಡಿದ್ದೆ. ನಿಮ್ಮ ಸಂಘ ದಾವಣಗೆರೆಯಲ್ಲಿ ಚಾತುರ್ಮಾಸ ಮುಗಿಸಿ ಬೆಳಗೊಳದ ಮಹೋತ್ಸವಕ್ಕೆ ನಡೆದು ಹೊರಡುತ್ತಿದೆ ಎಂದು ಬಸದಿಯಲ್ಲಿ ಹೇಳಿದರು. ಅಲ್ಲಿಯ ವರ್ತಕರೊಬ್ಬರ ಕೈಗೆ ಕೊಟ್ಟರೆ ತಲುಪಿಸುತ್ತಾರಂತೆ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಸುದ್ದಿ ಎಂದರೆ ದೊಡ್ಡದೇನಿಲ್ಲ. ಕೆರೆಗೆ ಈ ಸಲ ನೀರು ಬಂದಿದೆ. ಸ್ಟುಡಿಯೋ ನಡೆಯುತ್ತಿದೆ. ದೇವಸ್ಥಾನ ನೋಡಲು ಬರುವವರೆಲ್ಲ ಕ್ಯಾಮೆರಾ ತಾವೇ ತರುತ್ತಾರೆ, ಹಾಗಾಗಿ ನನಗೆ ಉಳಿದಿರುವುದು ಪಾಸ್‌ಪೋರ್ಟ್ ಅಳತೆಯ ಮುಖಗಳು. ಮೊದಲ ಸಲ ಕೂತವರು ಫ್ಲ್ಯಾಶ್ ಹೊಡೆಯುವುದಕ್ಕೆ ಮುಂಚೆಯೇ ಕಣ್ಣು ಮುಚ್ಚಿಬಿಡುತ್ತಾರೆ. ಪಕ್ಕದ ಟೀ ಅಂಗಡಿ ಕಲ್ಲೇಶಪ್ಪ ಮೊನ್ನೆ ಬಂದಿದ್ದ, ತೆಗೆದಷ್ಟೂ ಸಲ ಮುಚ್ಚಿದ. ‘ಇದೇನ್ ಚಂದ್ರಣ್ಣ, ನನ್ ತಿಥಿಗೆ ಈಗ್ಲೇ ಫೋಟೋ ತೆಗೆದಿಟ್ಟಂಗೈತಲ್ಲ’ ಎಂದು ನಕ್ಕ. ಪ್ರತಿವರ್ಷ ಬರುವ ಪಿಂಚಣಿಯವರು ಮಾತ್ರ ಹೊಡೆದರೂ ಮಿಟುಕಿಸುವುದಿಲ್ಲ. ಅಭ್ಯಾಸ.

ನಿಮ್ಮ ಫೋಟೋ ನಡುಮನೆಯಲ್ಲಿ ಹಾಗೇ ಇದೆ. ದೀಕ್ಷಾಮಂಟಪದಲ್ಲಿ ನಾನೇ ತೆಗೆದದ್ದು, ಅರ್ಧ ತಲೆ ಖಾಲಿಯಾಗಿರುವ, ಮುಖ ಕದಲದಿರುವ ಫೋಟೋ. ನೋಡಿದವರೆಲ್ಲ ‘ಎಂಥ ವೈರಾಗ್ಯ ನೋಡಿ, ನೋವು ಅನ್ನೋದು ಹತ್ರ ಸುಳಿದಿಲ್ಲ’ ಎನ್ನುತ್ತಾರೆ. ಮಗಳು ಸಿದ್ಧಿ ಅದರ ಕೆಳಗೆ ಕೂತು ಓದಿ ಬೆಳೆದಳು. ದೀಕ್ಷೆಯ ದಿನ ಅವಳಿಗೆ ಐದು ವರ್ಷ. ನಾನು ಕ್ಯಾಮೆರಾ ಹಿಡಿದಿದ್ದರಿಂದ ಅವಳಮ್ಮ ಮಾಲಿನಿಯ ಹೆಗಲ ಮೇಲೆ ಕೂತು ಎಲ್ಲವನ್ನೂ ನೋಡಿದಳು.

ಬರೆಯಬೇಕಾದದ್ದು ಅವಳ ವಿಷಯವೇ. ಈಗ ಹದಿನೇಳು. ಬಸ್ಸಿನಲ್ಲಿ ದಿನಾ ಬೇಲೂರಿಗೆ ಹೋಗಿ ಎರಡನೇ ಪಿಯುಸಿ ಓದುತ್ತಾಳೆ. ಓದುತ್ತಿದ್ದಳು ಎನ್ನಬೇಕು. ಯುಗಾದಿ ಕಳೆದ ಮೇಲೆ ಸಂಜೆಯ ಊಟ ಬಿಟ್ಟಳು. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಮೈ ಇಳಿಸಲು ಹೀಗೆ ಮಾಡುತ್ತಾರೆ ಎಂದು ಮಾಲಿನಿ ಅಂದುಕೊಂಡಳು. ಆಮೇಲೆ ಬೆಳಗಿನದೂ ಹೋಯಿತು. ಚಿಕ್ಕಮ್ಮನ ಕಣ್ಣಿಗೆ ಇದು ಏಕಭುಕ್ತವಾಗಿ ಕಂಡಿತು. ‘ಯಾರೂ ಹೇಳ್ಕೊಡದೆ ದಿನಕ್ಕೊಂದೇ ಊಟ ಹಿಡಿದಿದ್ದಾಳೆ ನೋಡು, ರಕ್ತದಲ್ಲಿ ಬಂದಿದೆ’ ಎಂದಳು.

ಅಷ್ಟರಲ್ಲಿ ಮನೆಯಲ್ಲಿ ಕೂದಲು ಹೆಚ್ಚಾಯಿತು. ಗೆಂಡೆಹಳ್ಳಿಯ ಮುನಿಯಮ್ಮ ನಿಮಗೆ ಗೊತ್ತು, ತಲೆಗೂದಲು ತೆಗೆದುಕೊಂಡು ಪಿನ್ನು ಬಾಚಣಿಗೆ ಕೊಟ್ಟು ಹೋಗುವವಳು. ಈಗಲೂ ಬರುತ್ತಾಳೆ. ಮೂಲೆಯಲ್ಲಿ, ಹಾಸಿಗೆಯಡಿಯಲ್ಲಿ ಸಿಕ್ಕ ಉಂಡೆಗಳನ್ನೆಲ್ಲ ಚಿಕ್ಕಮ್ಮ ಒಂದು ಚೀಲಕ್ಕೆ ತುಂಬಿಡುತ್ತಿದ್ದಳು. ಮುನಿಯಮ್ಮ ಚೀಲ ಕೈಯಲ್ಲಿ ತೂಗಿ, ‘ಏನ್ರವ್ವ, ನಿಮ್ಮನೇಲಿ ಈ ಸತಿ ಕೂದ್ಲು ಬೆಳೆ ರಾಗಿಗಿಂತ ವಾಸಿ ಐತೆ’ ಎಂದು ಪಿನ್ನಿನ ಬದಲು ಒಂದು ಪ್ಲಾಸ್ಟಿಕ್ ಬೋಗುಣಿಯನ್ನೇ ಕೊಟ್ಟಳು. ಎಲ್ಲರೂ ನಕ್ಕೆವು. ಸಿದ್ಧಿಯೂ ನಕ್ಕಳು.

ಒಂದು ಭಾನುವಾರ ಎಣ್ಣೆ ಹಚ್ಚಲು ಕೂರಿಸಿಕೊಂಡಾಗ ಮಾಲಿನಿಯ ಕೈಗೆ ಜಡೆಯ ಕೆಳಗೆ ಬರಿಯ ಚರ್ಮ ಸಿಕ್ಕಿತು, ಅಂಗೈಯಷ್ಟು. ಮಾಲಿನಿ ಚೀರಿದಳು. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಬಂದು ನೋಡಿ ಕೈಮುಗಿದಳು. ‘ಸುಮ್ನಿರೇ ಮಾಲಿನಿ. ಮಗು ಕೂದಲು ಕಿತ್ತು ಲೋಚ ಅಭ್ಯಾಸ ಮಾಡ್ತಾ ಇದೆ. ನಮ್ಮ ವಂಶಕ್ಕೆ ಇನ್ನೊಬ್ಬಳು ಮಾತಾಜಿ.’

ಇದನ್ನು ಬೇರೆ ಯಾವ ಮನೆಯವರೂ ಹೀಗೆ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯವರಾಗಿದ್ದರೆ ಅವತ್ತೇ ಆಸ್ಪತ್ರೆಗೆ ಓಡುತ್ತಿದ್ದರು, ಇಲ್ಲವೇ ತಾಯತ ಕಟ್ಟಿಸುತ್ತಿದ್ದರು. ನಾವು ಬಸದಿಗೆ ಕರೆದುಕೊಂಡು ಹೋದೆವು. ಚಿಕ್ಕಮ್ಮ ನಾಲ್ಕು ಜನಕ್ಕೆ ಹೇಳಿದಳು, ನಾಲ್ಕು ಜನ ಇನ್ನಷ್ಟು ಜನಕ್ಕೆ ಹೇಳಿದರು. ಮೆಟ್ಟಿಲ ಮೇಲೆ ಹಾಸನದ ಕಡೆಯ ಹೆಂಗಸೊಬ್ಬರು ಬಗ್ಗಿ ನನ್ನ ಮಗಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಸಿದ್ಧಿ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಸಂಕೋಚ ಎಂದು ಓದಿಕೊಂಡೆ. ಅಲ್ಲಿಂದ ಮುಂದೆ ಅದು ಬೇಗ ಬೇಗ ಬೆಳೆಯಿತು. ಹುಬ್ಬೂ ಹೋಯಿತು. ಕಾಲೇಜಿನಲ್ಲಿ ತಲೆ ಸುತ್ತಿ ಬಿದ್ದಳು.

ಹಾಸನದಲ್ಲಿ ಒಬ್ಬರು ಮನೋವೈದ್ಯರಿದ್ದಾರೆ, ಡಾಕ್ಟರ್ ಮಧುಕುಮಾರ್, ಅರಸೀಕೆರೆ ಕಡೆಯವರು, ಚಿಕ್ಕ ವಯಸ್ಸು. ಅವಳೊಡನೆ ಬಹಳ ಹೊತ್ತು ಮಾತಾಡಿ ನಮ್ಮನ್ನು ಒಳಗೆ ಕರೆದರು. ‘ಇದನ್ನ ಸೆಲ್ಫ್ ಹಾರ್ಮ್ ಅಂತೀವಿ ಸಾರ್’ ಎಂದರು. ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ‘ತನಗೆ ತಾನೇ ಪೆಟ್ಟು ಮಾಡ್ಕೊಳ್ಳೋದು’ ಎಂದರು.

ಮಾಲಿನಿ ಸೆರಗು ಬಾಯಿಗೆ ಇಟ್ಟುಕೊಂಡು, ‘ಸಾಯ್ಬೇಕು ಅಂತಾನಾ ಡಾಕ್ಟ್ರೇ’ ಎಂದಳು.

‘ಎಲ್ರೂ ಮೊದಲು ಹಾಗೇ ತಿಳ್ಕೋತಾರೆ. ಅದೇ ಬೇರೆ, ಇದೇ ಬೇರೆ ತಾಯಿ. ಒಳಗಿರೋದನ್ನ ತಡ್ಕೊಳ್ಳೋಕಾಗದೆ, ಹೆಂಗಾದ್ರೂ ಬದುಕಿರೋಣ ಅಂತ ಮಾಡ್ಕೊಳ್ಳೋದು ಇದು. ಹಾಗಂತ ಬಿಡೋ ಹಂಗಿಲ್ಲ. ಒಂದರ ಪಕ್ಕದಲ್ಲೇ ಇನ್ನೊಂದಿರುತ್ತೆ. ಬೇರೆಯವರು ನೋಡ್ಲಿ ಅಂತ ನಾಟಕ ಮಾಡ್ತಾಳೆ ಅಂತಲೂ ಯಾರೂ ಅನ್ಬಾರ್ದು.’

‘ಉಪವಾಸ? ಅದೂ ಈ ಮಾತಿನೊಳಗೆ ಬರುತ್ತದೆಯೇ?’ ನಾನು ಕೇಳಿದೆ.

‘ನಮ್ಮಜ್ಜಿನೂ ಸೋಮವಾರ ಒಪ್ಪತ್ತು ಮಾಡ್ತಾರೆ ಸಾರ್. ಅದಲ್ಲ.’

‘ಹಾಗಾದರೆ ಗೆರೆ ಎಲ್ಲಿ?’

ಅವರು ಪೆನ್ನು ಕೆಳಗಿಟ್ಟರು. ‘ಕದ್ದು ಮಾಡ್ತಾಳಾ? ಮಾಡಿದ್ಮೇಲೆ ನಾಚ್ಕೋತಾಳಾ? ಬಿಡ್ಬೇಕು ಅಂದಾಗ ಬಿಡೋಕಾಗುತ್ತಾ? ಅಷ್ಟು ನೋಡ್ಕೊಳ್ಳಿ.’

ಮನೆಗೆ ಬಂದು ಚಿಕ್ಕಮ್ಮನಿಗೆ ವಿವರಿಸಲು ಹೋದೆ. ಆತ್ಮಹಿಂಸೆ ಎಂಬ ಮಾತು ಬಳಸಿದೆ. ಅವಳು ನಕ್ಕಳು. ‘ಆತ್ಮಕ್ಕೆ ಬೆಂಕಿ ತಾಗಲ್ಲ, ನೀರು ತಾಗಲ್ಲ, ಹುಡುಗಿ ಬೆರಳು ತಾಗುತ್ತಾ? ಬೇರೆ ಜೀವಕ್ಕೆ ಮಾಡಿದ್ರೆ ಹಿಂಸೆ, ತನ್ನ ಮೈಗೆ ಮಾಡ್ಕೊಂಡ್ರೆ ತಪಸ್ಸು. ಆ ಡಾಕ್ಟ್ರು ನಮ್ಮೋರಲ್ಲ, ಅವರಿಗೇನು ಗೊತ್ತು.’ ಕಲ್ಲೇಶಪ್ಪನಿಗೆ ಸುದ್ದಿ ಹೇಗೋ ತಲುಪಿ, ದನಿ ತಗ್ಗಿಸಿ, ‘ಮಗ ಏನೋ ಮಾಡ್ಕೊಂಡ್ಬಿಡ್ತಂತಲ್ಲ ಚಂದ್ರಣ್ಣ, ಬದುಕ್ತಾ?’ ಎಂದ. ನಮ್ಮ ಊರಿನಲ್ಲಿ ಇದಕ್ಕೆ ಇರುವುದು ಇವೆರಡೇ ಜಾಗ. ಪೂಜೆ, ಇಲ್ಲವೇ ಶವ. ನಡುವೆ ಇರುವ ಹುಡುಗಿಗೆ ನಿಲ್ಲಲು ಸ್ಥಳವಿಲ್ಲ.

ಏನಾಯಿತಮ್ಮ ನಿನಗೆ ಎಂದು ಸಿದ್ಧಿಯನ್ನೇ ಕೇಳಿದೆ. ‘ಏನೂ ಆಗಿಲ್ಲ. ಅದೇ ಆಗಿರೋದು’ ಎಂದಳು. ಡಾಕ್ಟರು ಹೇಳಿದ ಗೆರೆಯನ್ನು ಅವಳಿಗೂ ಹೇಳಿದೆ: ಅತ್ತೆ ವ್ರತ ತೊಟ್ಟು, ಸಾವಿರ ಜನರೆದುರು ಮಾಡಿದರು, ನೀನು ಬಾಗಿಲು ಹಾಕಿಕೊಂಡು ಮಾಡುತ್ತೀ. ‘ಹಾಗಾದ್ರೆ ನಾನೂ ಎಲ್ಲರ ಮುಂದೆ ಮಾಡ್ಲಾ ಅಪ್ಪ? ಆಗ ಸರಿಹೋಗುತ್ತಾ?’

ಮಾತ್ರೆ ಬಿಟ್ಟಿದ್ದಾಳೆ. ಡಾಕ್ಟರ ಮಾತು ಕೇಳುವುದಿಲ್ಲ, ನನ್ನದು ಮೊದಲೇ ಇಲ್ಲ. ‘ಇದು ತಪಸ್ಸಲ್ಲ ಅಂತ ಅತ್ತೆ ಹೇಳ್ಲಿ. ಬಿಡೋಕೆ ನೋಡ್ತೀನಿ’ ಎನ್ನುತ್ತಾಳೆ. ನನಗೆ ಬೇಕಾದದ್ದು ಆ ಒಂದು ವಾಕ್ಯ. ಬರೆದು ಕಳಿಸಲು ನಿಯಮ ಬಿಡದಿದ್ದರೆ ಯಾರ ಬಾಯಲ್ಲಾದರೂ ಹೇಳಿಸಿ. ‘ಮಗು, ನೀನು ಮಾಡುತ್ತಿರುವುದು ಬೇರೆ, ಬಿಡು.’ ಇಷ್ಟೇ. ನಾನು ನಿಮಗಿಂತ ಒಂಬತ್ತು ವರ್ಷ ದೊಡ್ಡವನಾದರೂ ಹರಸುವ ಸ್ಥಾನದಲ್ಲಿಲ್ಲ. ನಿಮ್ಮ ಹರಕೆಯನ್ನೇ ಬೇಡುತ್ತಿದ್ದೇನೆ.

ಚಂದ್ರರಾಜ


ಹಳೇಬೀಡು
೧೬ ಜನವರಿ ೨೦೦೬

ಪೂಜ್ಯ ಮಾತಾಜಿಯವರಿಗೆ, ವಂದಾಮಿ.

ಉತ್ತರ ಬರಲಿಲ್ಲ. ಬರಬಾರದು ಎಂಬುದೂ ಗೊತ್ತಿತ್ತು, ಹಾಗಿದ್ದೂ ಅಂಚೆಯವನ ಸೈಕಲ್ ತಿರುವಿನಲ್ಲಿ ಕಂಡಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಕಾಗದ ತಲುಪಿತೋ, ವರ್ತಕರು ಯಾವುದೋ ಗಲ್ಲಾಪೆಟ್ಟಿಗೆಯಲ್ಲಿ ಮರೆತರೋ, ನೀವು ಮುಚ್ಚಿದ ಲಕೋಟೆಯನ್ನು ಹಾಗೇ ಪಕ್ಕಕ್ಕೆ ಇಟ್ಟಿರೋ ತಿಳಿಯದು. ಗಂಡಸಿಯಲ್ಲಿ ನೀವು ನಮ್ಮೆಲ್ಲರನ್ನೂ ಕಂಡಿರಿ, ಆದರೂ ಅಲ್ಲಿ ಏನಾಯಿತು ಎಂಬುದನ್ನು ನಾನು ಬರೆಯಬೇಕಾಗಿದೆ. ಬಡಿಸಿದ್ದನ್ನು ಬೊಗಸೆಯಲ್ಲೇ ಉಣ್ಣುವಾಗ ನೀವು ಕಂಡದ್ದು ಆ ಬೊಗಸೆಯನ್ನು ಮಾತ್ರ. ನಿಯಮವೇ ಹಾಗಿದೆ.

ಸಂಘ ಅರಸೀಕೆರೆ ದಾಟಿ ಗಂಡಸಿಯ ಶಾಲೆಯಲ್ಲಿ ತಂಗುತ್ತದೆ, ಅಂದಿನ ಆಹಾರದ ಹೊಣೆ ನಮ್ಮೂರಿನವರದು ಎಂದು ಗೊತ್ತಾದ ದಿನ ಮಾಲಿನಿ ಬಹಳ ಕಾಲದ ಮೇಲೆ ನನ್ನ ಮುಖ ನೋಡಿ ಮಾತಾಡಿದಳು. ‘ಕಾಗದದಲ್ಲಿ ಹೇಳದಿದ್ರೆ ಏನಾಯ್ತು, ಎದುರಿಗೆ ಕಂಡ್ರೆ ಹೇಳೇ ಹೇಳ್ತಾರೆ ಕಣ್ರೀ. ಎತ್ತಿ ಆಡಿಸಿದ ಮಗು.’ ಸಿದ್ಧಿ ಬಡಿಸಬೇಕೆಂದು ಚಿಕ್ಕಮ್ಮ ಹಟ ಹಿಡಿದಳು. ನಾನು ಬೇಡ ಎನ್ನಲಿಲ್ಲ. ಬಡಿಸಿದರೆ ನೀವು ಅವಳನ್ನು ಹತ್ತಿರದಿಂದ ನೋಡುತ್ತೀರಿ, ನೋಡಿದರೆ ತಿಳಿಯುತ್ತದೆ, ತಿಳಿದರೆ ಹೇಳುತ್ತೀರಿ ಎಂದು ನಾನು ಒಂದರ ಮೇಲೊಂದು ಜೋಡಿಸಿಕೊಂಡಿದ್ದೆ.

ಆಶ್ಚರ್ಯವೆಂದರೆ ಅವಳೂ ಚೇತರಿಸಿಕೊಂಡಿದ್ದಳು. ಹಿಂದಿನ ವಾರವಿಡೀ ಕೈಯನ್ನು ತಲೆಯ ಹತ್ತಿರ ಒಯ್ಯಲಿಲ್ಲ. ಮಧ್ಯಾಹ್ನ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ತಲೆಯ ಮೇಲೆ ಹತ್ತಿಯ ಹಾಗೆ ಹೊಸ ಕೂದಲು ಮೂಡಿತ್ತು, ಅಲ್ಲಲ್ಲಿ ಉಳಿದಿದ್ದ ಉದ್ದದ ಎಳೆಗಳ ನಡುವೆ. ‘ಅತ್ತೆ ನನ್ನ ಗುರುತು ಹಿಡೀತಾರಾ ಅಪ್ಪ’ ಎಂದು ಬಸ್ಸಿನಲ್ಲಿ ಕೇಳಿದಳು. ಗುರುತು ಹಿಡಿದರೂ ತೋರಿಸಿಕೊಳ್ಳಬಾರದು ಎಂದೆ. ‘ತೋರಿಸ್ಕೊಳ್ದೆ ಇದ್ರೂ ಸಾಕು’ ಎಂದಳು.

ಶಾಲೆಯ ಒಂದು ಕೋಣೆಯನ್ನು ತೊಳೆದು ಅಡುಗೆಮನೆ ಮಾಡಿದ್ದರು. ಮಾಲಿನಿ ಮಗಳ ತಲೆಗೆ ಒಗೆದ ಬಿಳಿಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಿದಳು. ಅಕ್ಕಿಯನ್ನು ಒಬ್ಬರಾದ ಮೇಲೆ ಒಬ್ಬರು ಆರಿಸಿದರು, ನೀರನ್ನು ಸೋಸಿದರು, ಪಾತ್ರೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಅನ್ನದಲ್ಲಿ ಒಂದು ಇರುವೆ, ಒಂದು ಕೂದಲು ಸಿಕ್ಕಿದರೂ ಅಂತರಾಯವಾಗಿ ನೀವು ಊಟವನ್ನು ಅಲ್ಲಿಗೇ ಬಿಟ್ಟು ಏಳುತ್ತೀರಿ, ಮರುದಿನದವರೆಗೆ ತೊಟ್ಟು ನೀರೂ ಇಲ್ಲ ಎಂದು ಚಿಕ್ಕಮ್ಮ ಎಲ್ಲರಿಗೂ ಹೇಳುತ್ತಲೇ ಇದ್ದಳು. ಹೇಳಬೇಕಾಗಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ.

ನೀವು ಬಾಗಿಲಿಗೆ ಬಂದಿರಿ. ಎಲ್ಲರೂ ನಿಲ್ಲಿ ನಿಲ್ಲಿ ಎಂದು ಕರೆದು, ಮೂರು ಸುತ್ತು ಬಂದು, ಮಣೆಯ ಮೇಲೆ ಕೂರಿಸಿದರು. ನೀವು ತೀರ ಸಣ್ಣಗಾಗಿದ್ದೀರಿ. ಮಣಿಕಟ್ಟಿನ ಮೂಳೆ ನಮ್ಮ ಅಮ್ಮನ ಮೂಳೆಯಂತೆಯೇ ಇತ್ತು. ಮೊದಲು ಮಾಲಿನಿ ಬಿಸಿನೀರು ಹಾಕಿದಳು. ಆಮೇಲೆ ಸಿದ್ಧಿ ಬಗ್ಗಿ ತುಪ್ಪ ಕಲೆಸಿದ ಅನ್ನದ ಮೊದಲ ತುತ್ತನ್ನು ನಿಮ್ಮ ಬೊಗಸೆಗೆ ಇಟ್ಟಳು. ಅವಳ ಮುಖ ಅರಳಿತ್ತು. ಆ ಮುಖವನ್ನು ನಾನು ಒಂದು ವರ್ಷದಿಂದ ನೋಡಿರಲಿಲ್ಲ.

ಎರಡನೇ ತುತ್ತಿನಲ್ಲಿ ನೀವು ಹೆಬ್ಬೆರಳಿನಿಂದ ಅನ್ನವನ್ನು ಸರಿಸಿದಿರಿ. ಒಂದು ಎಳೆ. ಉದ್ದದ್ದು. ಅಲ್ಲಿದ್ದ ಬೇರೆ ಹೆಂಗಸರೆಲ್ಲ, ಮಾಲಿನಿಯೂ ಸೇರಿ, ಕೂದಲು ನೆರೆತವರು. ಇದು ಕಪ್ಪಗಿತ್ತು.

ನೀವು ಬೊಗಸೆ ಬಿಟ್ಟಿರಿ, ಅನ್ನ ತಟ್ಟೆಗೆ ಬಿತ್ತು. ಕೈ ತೊಳೆದು ಎದ್ದಿರಿ. ನಿಮ್ಮ ಮುಖ ಕದಲಲಿಲ್ಲ. ನವಿಲುಗರಿಯ ಪಿಂಛಿಯನ್ನು ಎತ್ತಿ, ‘ಕರ್ಮ ಕಳೆಯಿತು. ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದಿರಿ. ಅದು ಅಲ್ಲಿದ್ದ ಎಲ್ಲರಿಗೂ ಹೇಳಿದ ಮಾತು. ಒಬ್ಬಳಿಗೆ ಹೇಳಬೇಕಾಗಿದ್ದ ಮಾತು ಬೇರೆ ಇತ್ತು.

ಸಿದ್ಧಿ ಅನ್ನದ ಪಾತ್ರೆಯನ್ನು ಕೆಳಗಿಡಲೇ ಇಲ್ಲ. ಮಾಲಿನಿ ಬೆರಳು ಬಿಡಿಸಿ ತೆಗೆದುಕೊಳ್ಳಬೇಕಾಯಿತು. ಚಿಕ್ಕಮ್ಮ ಗೋಡೆಗೆ ತಲೆ ಆನಿಸಿಕೊಂಡು, ‘ಬಟ್ಟೆ ಸರಿಯಾಗಿ ಕಟ್ಬಾರ್ದಾಗಿತ್ತೇನೇ ಮಾಲಿನಿ’ ಎಂದಳು. ಮಾಲಿನಿ ಇಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಎದುರಾಡಿದಳು. ‘ತಲೆ ಮೇಲೆ ಕೂದಲು ನಿಲ್ಲದೆ ಇರೋ ಮಗೂನ ಬಡಿಸೋಕೆ ನಿಲ್ಲಿಸಿದ್ದು ಯಾರು ಚಿಕ್ಕತ್ತೆ?’

ಬಿಸಿಲಿನಲ್ಲೇ ಸಂಘ ಹೊರಟಿತು. ರಸ್ತೆಯ ಪಕ್ಕ ತೆಂಗಿನ ನೆರಳಿನಲ್ಲಿ ನಾನು ಅವಳನ್ನು ನಿಲ್ಲಿಸಿಕೊಂಡಿದ್ದೆ. ನೀವು ಹತ್ತಿರ ಬಂದಾಗ, ‘ಮಾತಾಜಿ, ಇವಳು ಸಿದ್ಧಿ’ ಎಂದೆ. ನೀವು ನಿಂತಿರಿ. ಅವಳ ತಲೆಯ ಬಟ್ಟೆಯನ್ನು, ಹುಬ್ಬಿಲ್ಲದ ಹಣೆಯನ್ನು ನೋಡಿದಿರಿ. ಒಂದು ಬಸ್ಸು ಹಾರ್ನ್ ಮಾಡುತ್ತಾ ಹೋಯಿತು. ‘ವಯಸ್ಸೆಷ್ಟು’ ಎಂದಿರಿ. ಹದಿನೇಳು ಎಂದೆ. ‘ಹದಿನೇಳಾ’ ಎಂದಿರಿ. ಅದು ಮಾತಾಜಿಯ ದನಿಯಲ್ಲ. ಒಗೆಯುವ ಕಲ್ಲಿನ ಮೇಲೆ ಕೂತಿದ್ದವಳ ದನಿ. ಮುಂದೆ ಇನ್ನೇನೋ ಬರುತ್ತದೆ ಎಂದು ನಾನು ಕಾದೆ. ಹಿಂದೆ ಬರುತ್ತಿದ್ದ ಸಂಘದ ಇನ್ನೊಬ್ಬ ಆರ್ಯಿಕೆಯವರು ಹತ್ತಿರವಾದರು. ನೀವು ನಡೆದಿರಿ.

ಅವಳು ರಸ್ತೆಯ ತಿರುವಿನವರೆಗೂ ನಿಮ್ಮ ಬೆನ್ನನ್ನು ನೋಡಿದಳು. ಬಸ್ಸಿನಲ್ಲಿ ಕೂತ ಮೇಲೆ, ‘ನಾಳೆವರೆಗೂ ನೀರೂ ಕುಡಿಯಲ್ಲ ಅಲ್ವಾ ಅಪ್ಪ’ ಎಂದಳು. ಹೌದು ಎಂದೆ. ಸುಳ್ಳು ಹೇಳಬಹುದಿತ್ತು.

ಅಂದಿನಿಂದ ಅವಳೂ ಸರಿಯಾಗಿ ಉಂಡಿಲ್ಲ.

ಚಂದ್ರರಾಜ


ಹಾಸನ
೧೧ ಫೆಬ್ರವರಿ ೨೦೦೬

ಪದ್ಮಾ,

ಇನ್ನು ಹೀಗೇ ಕರೆಯುತ್ತೇನೆ. ಈ ಕಾಗದ ಯಾರ ಕೈಯಲ್ಲಿ ನಿನಗೆ ತಲುಪಬೇಕೋ ಗೊತ್ತಿಲ್ಲ. ತಲುಪದೇ ಹೋಗುವುದಾದರೆ ಮರ್ಯಾದೆಯ ಮಾತುಗಳ ಅಗತ್ಯವೂ ಇಲ್ಲ.

ಸಿದ್ಧಿಯನ್ನು ಆಸ್ಪತ್ರೆಗೆ ಸೇರಿಸಿದ್ದೇವೆ. ಕೈಗೆ ಸೂಜಿ ಚುಚ್ಚಿ ಸೀಸೆಯಿಂದ ಹನಿಹನಿಯಾಗಿ ಕೊಡುತ್ತಿದ್ದಾರೆ. ಬಾಯಿಗೆ ಹಿಡಿದದ್ದನ್ನು ಒಂದೆರಡು ಗುಟುಕು ಕುಡಿದು, ಮುಖ ತಿರುಗಿಸುತ್ತಾಳೆ. ತಲೆಯಲ್ಲಿ ಮೂಡಿದ್ದ ಹತ್ತಿಯಂಥ ಕೂದಲೂ ಈಗ ಇಲ್ಲ. ‘ಅತ್ತೆ ಊಟ ನಾನು ತೆಗೆದೆ’ ಎನ್ನುತ್ತಾಳೆ. ಗಟ್ಟಿಯಾಗಿ ಅಲ್ಲ, ಅತ್ತುಕೊಂಡೂ ಅಲ್ಲ. ಗಂಟೆ ಎಷ್ಟಾಯಿತು ಎಂದು ಹೇಳುವ ಹಾಗೆ.

ಡಾಕ್ಟರ್ ಮಧುಕುಮಾರ್ ದಿನಾ ಬಂದು ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಒಳ್ಳೆಯವರು. ‘ಟೈಮ್ ಹಿಡಿಯುತ್ತೆ ಸಾರ್’ ಎನ್ನುತ್ತಾರೆ, ಅದಕ್ಕಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ. ಗಂಡಸಿಯ ಕತೆ ಕೇಳಿದ ಮೇಲೆ, ‘ಆ ತಾಯಿ ಒಂದು ಸಲ ಇಲ್ಲಿಗೆ ಬರೋಕಾಗಲ್ವಾ’ ಎಂದರು. ವಾಹನ ಹತ್ತುವ ಹಾಗಿಲ್ಲ ಎಂದೆ. ‘ನಡ್ಕೊಂಡು?’ ಎಂದರು. ಬೆಳಗೊಳ ಎಷ್ಟು ದೂರ ಎಂದು ಅವರಿಗೂ ಗೊತ್ತು.

ಹೊರಗೆ ರಸ್ತೆಯಲ್ಲಿ ಬೆಳಗೊಳದ ಬಸ್ಸುಗಳು ತುಂಬಿ ಹೋಗುತ್ತಿವೆ. ವಾರ್ಡಿನ ಕಿಟಕಿಯಿಂದ ಜಯಕಾರ ಕೇಳಿಸುತ್ತದೆ. ಚಿಕ್ಕಮ್ಮ ಅತ್ತ ಹೋಗಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಜಪಮಣಿ ಹಿಡಿದು ಕೂತಿರುತ್ತಾಳೆ, ಎಣಿಸುವುದಿಲ್ಲ. ನಿನ್ನೆ ನನ್ನನ್ನು ಹತ್ತಿರ ಕರೆದು, ‘ಆ ಡಾಕ್ಟ್ರು ಇಂಗ್ಲಿಷಲ್ಲಿ ಏನೋ ಅಂದ್ರಲ್ಲ, ಏನದು’ ಎಂದಳು. ಹೇಳಿದೆ. ಎರಡು ಮೂರು ಸಲ ಹೇಳಿಸಿಕೊಂಡಳು. ಅವಳ ಬಾಯಲ್ಲಿ ಅದು ನಿಲ್ಲಲಿಲ್ಲ. ನಾನು ಏನೆಂದುಕೊಂಡರೂ ಅವಳನ್ನು ಬೈಯಲು ಆಗುವುದಿಲ್ಲ. ಅವಳಿಗೆ ಗೊತ್ತಿದ್ದ ಎಲ್ಲಕ್ಕಿಂತ ದೊಡ್ಡ ಹೆಸರನ್ನು ಅವಳು ಆ ಮಗುವಿಗೆ ಇಟ್ಟಳು, ಅಷ್ಟೇ.

ಬಟ್ಟೆ ತರಲು ಮನೆಗೆ ಹೋಗಿದ್ದಾಗ ಮುನಿಯಮ್ಮ ಬಾಗಿಲಲ್ಲಿದ್ದಳು. ಮಗುವಿಗೆ ಹುಷಾರಿಲ್ಲ ಎಂದೆ, ಕೂದಲಿನ ವಿಷಯವನ್ನೂ ಹೇಳಿದೆ. ಯಾಕೆ ಹೇಳಿದೆನೋ. ಅವಳು ಬುಟ್ಟಿ ಇಳಿಸಿ ಜಗಲಿಯ ಅಂಚಿನಲ್ಲಿ ಕೂತು, ‘ಪದ್ಮಕ್ಕ ಕಾಲೇಜಿಗೋಯ್ತಿದ್ದಾಗ್ಲೂ ನಿಮ್ಮನೇಲಿ ಹಿಂಗೇ ಚೀಲಚೀಲ ಸಿಕ್ತಿತ್ತು. ಆಯಮ್ಮ ಮಠ ಸೇರಿದ್ಮೇಲೆ ನಂಗೆ ಲುಕ್ಸಾನಾಯ್ತು ಅಂತ ನಗಾಡ್ತಿದ್ದೆ. ಈಗ ನಗೋ ಮಾತಲ್ಲ ಬಿಡಪ್ಪ’ ಎಂದಳು. ಪಿನ್ನು ಮಾರದೆ ಎದ್ದು ಹೋದಳು.

ನಾನು ಒಳಗೆ ಬಂದು ನಡುಮನೆಯಲ್ಲಿ ನಿಂತೆ. ಮಗಳ ಎರಡು ಲಂಗ, ಒಂದು ಹೊದಿಕೆ ತೆಗೆದುಕೊಂಡೆ. ನಿನ್ನ ಫೋಟೋ ಇನ್ನೂ ಗೋಡೆಯ ಮೇಲಿದೆ. ತೆಗೆದುಬಿಡಿ ಎಂದು ಮಾಲಿನಿ ಹೇಳಿ ಕಳಿಸಿದ್ದಳು. ಆಗಲಿಲ್ಲ.

ನಿನಗೆ ಎಲ್ಲ ಒಳ್ಳೆಯದಾಗಲಿ. ನಡೆಯುವ ದಾರಿ ತಂಪಾಗಿರಲಿ, ಬೊಗಸೆಯಲ್ಲಿ ಅನ್ನ ನಿಲ್ಲಲಿ. ಹರಸುವ ಹಕ್ಕು ನನಗಿಲ್ಲ ಎಂದು ಮೊದಲ ಕಾಗದದಲ್ಲಿ ಬರೆದಿದ್ದೆ. ಇಲ್ಲದಿದ್ದರೂ ಹರಸುತ್ತಿದ್ದೇನೆ, ತಂಗಿಗೆ.

ನಿನ್ನ ಅಣ್ಣ,
ಚಂದ್ರರಾಜ

ಮರೆತಿದ್ದು: ಇಂದು ಮಧ್ಯಾಹ್ನ ಮಾಲಿನಿ ಕಾಫಿಗೆ ಹೋಗಿದ್ದಾಗ, ಅಷ್ಟು ನೋವಾಗುವುದಿಲ್ಲವೇ ಮಗು ಎಂದು ಸಿದ್ಧಿಯನ್ನು ಕೇಳಿದೆ. ಅವಳು ಸೀಸೆಯ ಹನಿಯನ್ನೇ ನೋಡುತ್ತಾ, ‘ಯಾರೂ ನೋಡದೆ ಇದ್ರೆ ನೋವಾಗಲ್ಲ ಅಪ್ಪ’ ಎಂದಳು. ಅದೇ ದನಿ, ಅದೇ ಮಾತು. ಎರಡರಲ್ಲಿ ಯಾವುದನ್ನು ನೀನು ಹೇಳಿದ್ದೆ ಎಂಬುದು ಆಗ ನನಗೆ ಗೊತ್ತಾಯಿತು. ಮರುದಿನ ನಡೆಯಲಿದ್ದುದರ ಬಗ್ಗೆ ನಾನು ಕೇಳಿದ್ದೆ. ನೀನು ಅದಾಗಲೇ ನಡೆದುಹೋದದ್ದರ ಬಗ್ಗೆ ಹೇಳಿದ್ದೆ. ಮರುದಿನ ಮಂಟಪದಲ್ಲಿ ಜನರೆಲ್ಲ ನಿನ್ನ ತಲೆಯನ್ನು ನೋಡುತ್ತಾ ಅತ್ತರು. ನಾನು ಮಾತ್ರ ಕ್ಯಾಮೆರಾದ ಒಳಗಿಂದ ನಿನ್ನ ಕಣ್ಣನ್ನೇ ನೋಡುತ್ತಿದ್ದೆ. ಒಂದು ಸಲವೂ ಮಿಟುಕಿಸಲಿಲ್ಲ. ಮೊದಲ ಸಲ ಕೂತವರು ಯಾರೂ ಹಾಗೆ ಕೂರುವುದಿಲ್ಲ. ಅದು ನಿನಗೆ ಮೊದಲ ಸಲವಾಗಿತ್ತೇ, ಪದ್ಮಾ?